ಪಾಸ್‌ವರ್ಡ್ ಸ್ಕ್ರಿಪ್ಟಿನೊಳಗೆ ಬೇಡ

ಮಾನ್ಯ ಸಂಪಾದಕರೇ,

ಪುಣೆಯಲ್ಲಿ ನಾವು ಕೆಲವು ಕನ್ನಡಿಗರು ಬಿಡುವಿನ ವೇಳೆಯಲ್ಲಿ ಸಂಘವೊಂದರ ಸದಸ್ಯರ ಪಟ್ಟಿ, ವಂತಿಗೆ, ರಸೀದಿಗಳ ಕೆಲಸವನ್ನು ಕಂಪ್ಯೂಟರಿನಲ್ಲಿ ನೋಡಿಕೊಳ್ಳುತ್ತೇವೆ. ಕಳೆದ ತಿಂಗಳು ರಸೀದಿಗಳು ಮುದ್ರಣವಾಗದೆ ನಿಂತಾಗ, ಜೊತೆಗಿದ್ದ ವಿದ್ಯಾರ್ಥಿಯೊಬ್ಬ ಯಾರಾದರೂ ನೆರವಾಗಲಿ ಎಂದು ರಸೀದಿ ಮುದ್ರಿಸುವ ಇಡೀ ಸ್ಕ್ರಿಪ್ಟನ್ನು, ಅಂದರೆ ಆ ಕೆಲಸಕ್ಕೆಂದು ಬರೆದ ಪುಟ್ಟ ಪ್ರೋಗ್ರಾಮನ್ನು, ನೂರಾರು ಜನರಿರುವ ವಾಟ್ಸಾಪ್ ಗುಂಪಿಗೆ ಹಾಕಿದ. ಅದರ ನಾಲ್ಕನೆಯ ಸಾಲಿನಲ್ಲಿ ಸದಸ್ಯರ ಪಟ್ಟಿಯಿರುವ ಡೇಟಾಬೇಸಿನ ಪಾಸ್‌ವರ್ಡ್ ಎಲ್ಲರಿಗೂ ಕಾಣುವಂತೆ ಇತ್ತು. ಹುಡುಗನ ತಪ್ಪೇನೂ ಇಲ್ಲ. ಮೂರು ವರ್ಷಗಳ ಹಿಂದೆ ಆ ಸಾಲನ್ನು ಬರೆದವನು ನಾನೇ. ಆ ಪಟ್ಟಿಯಲ್ಲಿ ಮಕ್ಕಳು ದೂರದ ಊರುಗಳಲ್ಲಿದ್ದು ಇಲ್ಲಿ ಒಂಟಿಯಾಗಿ ಬದುಕುವ ಹಿರಿಯರ ವಿಳಾಸ, ಫೋನ್ ನಂಬರುಗಳೂ ಇವೆ ಎಂಬುದು ನೆನಪಾಗಿ ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸ್ಕ್ರಿಪ್ಟ್ ಎಂಬುದು ಇಟ್ಟಲ್ಲೇ ಇರುವುದಿಲ್ಲ. ಇಮೇಲಿಗೆ, ಬ್ಯಾಕಪ್ಪಿಗೆ, ಕೆಲಸ ಬಿಟ್ಟು ಹೋದವರ ಲ್ಯಾಪ್‌ಟಾಪಿಗೆ ಅದು ಹೋದಲ್ಲೆಲ್ಲ ಪಾಸ್‌ವರ್ಡೂ ಹೋಗುತ್ತದೆ. ನಮ್ಮ ಕೋಡ್ ಖಾಸಗಿಯಾಗಿಯೇ ಇದೆ ಎನ್ನುವವರು ಉಬರ್ ಕಂಪನಿಗೆ 2016ರಲ್ಲಿ ಆದದ್ದನ್ನು ಗಮನಿಸಬೇಕು: ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿದ್ದ ಅದರ ಖಾಸಗಿ ಕೋಡಿನೊಳಗೆ ನುಗ್ಗಿದವರು ಅಲ್ಲಿ ಸಿಕ್ಕ ಅಮೆಜಾನ್ ಕ್ಲೌಡಿನ ಕೀಲಿಯಿಂದಲೇ 5.7 ಕೋಟಿ ಜನರ ಮಾಹಿತಿಯನ್ನು ಹೊತ್ತೊಯ್ದರು.

ಪರಿಹಾರಕ್ಕೆ ಹಣ ಬೇಕಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುವವರು ಪಾಸ್‌ವರ್ಡನ್ನು ತಮ್ಮ ಹೋಮ್ ಡೈರೆಕ್ಟರಿಯ ಡಾಟ್ ಪಿಜಿಪಾಸ್ (.pgpass) ಎಂಬ ಕಡತದಲ್ಲಿಡಬಹುದು. ಲಿನಕ್ಸಿನಲ್ಲಿ ಆ ಕಡತವನ್ನು ಒಡೆಯನಲ್ಲದೆ ಇತರರೂ ಓದುವಂತಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಮುಟ್ಟುವುದೇ ಇಲ್ಲ, ಅಷ್ಟು ಕಟ್ಟುನಿಟ್ಟು. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿಯೂ ಇಂಥದೇ ಪ್ರತ್ಯೇಕ ಕಡತದ ವ್ಯವಸ್ಥೆಯಿದೆ. ಅದರ ಅನುಮತಿಯನ್ನು 600ಕ್ಕೆ, ಅಂದರೆ ಒಡೆಯನೊಬ್ಬನೇ ಓದಿ ತಿದ್ದುವಂತೆ, ಇಳಿಸುವುದನ್ನು ಮಾತ್ರ ನಾವೇ ಮರೆಯದೆ ಮಾಡಬೇಕು. ಈ ಕಡತಗಳನ್ನು ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ತಂತ್ರಾಂಶಕ್ಕೆ ಸೇರಿಸಕೂಡದು.

ಈಗಾಗಲೇ ಕೋಡಿನಲ್ಲಿ ಬರೆದವರು ಆ ಸಾಲನ್ನು ಅಳಿಸಿ ಸುಮ್ಮನಾಗುವುದನ್ನು ಕಂಡಿದ್ದೇನೆ. ಗಿಟ್ ಹಳೆಯ ಪ್ರತಿಗಳನ್ನೆಲ್ಲ ಕಾಪಿಟ್ಟುಕೊಂಡಿರುವುದರಿಂದ ಅಳಿಸಿದ ಸಾಲು ಅದರ ಇತಿಹಾಸದಲ್ಲಿ ಉಳಿದೇ ಇರುತ್ತದೆ. ಆದ್ದರಿಂದ ಮೊದಲು ಪಾಸ್‌ವರ್ಡನ್ನೇ ಬದಲಿಸಬೇಕು. ನಾವು ಹಾಗೆ ಮಾಡಿದ ಮೇಲೆ, ರಸೀದಿ ಮುದ್ರಿಸುವ ಸ್ಕ್ರಿಪ್ಟಿಗೆ ಪಟ್ಟಿಯನ್ನು ಓದುವ ಹಕ್ಕನ್ನಷ್ಟೇ ಕೊಟ್ಟು, ತಿದ್ದುವ, ಅಳಿಸುವ ಹಕ್ಕುಗಳನ್ನು ಹಿಂತೆಗೆದುಕೊಂಡೆವು.

ಹಿಂಜೆವಾಡಿ, ಖರಾಡಿಗಳ ಕಂಪನಿಗಳಲ್ಲಿ ದುಡಿಯುತ್ತ, ಭಾನುವಾರಗಳಂದು ಸಂಘಗಳಿಗೆ, ಶಾಲೆಗಳಿಗೆ, ಪರಿಚಿತರ ದವಾಖಾನೆಗಳಿಗೆ ಇಂಥ ಸ್ಕ್ರಿಪ್ಟುಗಳನ್ನು ಪ್ರೀತಿಯಿಂದ ಬರೆದುಕೊಡುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರೆಲ್ಲ ತಾವು ಹಿಂದೆ ಬರೆದುಕೊಟ್ಟದ್ದನ್ನು ಈ ವಾರವೇ ಒಮ್ಮೆ ತೆರೆದು ನೋಡಬೇಕೆಂದು ನನ್ನ ವಿನಂತಿ.

– ಓದುಗ, ಹಿಂಜೆವಾಡಿ, ಪುಣೆ