ಆಮೆ ಕೂಗುವುದಿಲ್ಲ ಎಂದು ಬರೆದ ಸಿಂಧುವಿಗೆ

ಚಿ. ಸಿಂಧುವಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ನಿನ್ನ ಕಾಗದ ಬಂತು. ಕೆಲಸದ್ದು, ಬಾಡಿಗೆ ಮನೆಯದ್ದು ಎಲ್ಲ ನಿನ್ನಮ್ಮ ಮೊದಲೇ ಹೇಳಿದ್ದಳು. ಅದನ್ನು ನಾನು ಮತ್ತೆ ಕೆದಕುವುದಿಲ್ಲ. ಆದರೆ ಕೊನೆಯಲ್ಲಿ ನಿನ್ನ ಆಮೆ ಗುಂಡನ ಬಗ್ಗೆ ಒಂದು ಮಾತು ಬರೆದಿದ್ದೀಯಲ್ಲ, "ಅದು ಕೂಗುವುದಿಲ್ಲ ದೊಡ್ಡಪ್ಪ, ನೋವಾಗಿ ಸಾಯುತ್ತಿದ್ದರೂ ನಾನು ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ, ನನಗೆ ಗೊತ್ತೇ ಆಗುವುದಿಲ್ಲ" ಅಂತ. ಅದು ನನ್ನನ್ನು ಬಿಡಲಿಲ್ಲ. ದೊಡ್ಡಮ್ಮನಿಗೂ ಓದಿ ಹೇಳಿದೆ. "ಒಂದು ಆಮೆಗೆ ಇಷ್ಟೊಂದಾ?" ಎಂದಳು. ಬೆಳಿಗ್ಗೆ ಕಾಫಿ ಕೊಡುವಾಗ ಅವಳೇ, "ಗುಂಡ ಏನಾದರೂ ತಿಂದನಾ ಅಂತ ಕೇಳಿ" ಎಂದಳು.

ನಾನು ಕಾಂಪೌಂಡರ್ ಆಗಿ ಸವೆದದ್ದು ದನದ ಆಸ್ಪತ್ರೆಯಲ್ಲಿ. ಆಮೆ ನನ್ನ ವಿದ್ಯೆ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅಲ್ಲಿಗೆ ಬಂದ ಯಾವ ರೋಗಿಯೂ ಇಲ್ಲಿ ನೋವು ಎಂದು ತೋರಿಸಲಿಲ್ಲ. ದನ ಅಂಬಾ ಅನ್ನುತ್ತದೆ, ನಿಜ. ಅದು ಹಸಿವಿಗೆ, ಕರುವಿಗೆ. ನೋವು ಜೋರಾದಾಗ ಸುಮ್ಮನೆ ನಿಂತುಬಿಡುವ ದನಗಳೇ ಜಾಸ್ತಿ. ಹುಲ್ಲಿನ ಜೊತೆ ತಂತಿಯ ಚೂರೋ ಮೊಳೆಯೋ ನುಂಗಿದ ಹಸುಗಳು ಬರುತ್ತಿದ್ದವು. ಹೊರಗೆ ಗಾಯವಿಲ್ಲ. ಒಳಗೆ ತಂತಿ ಹೊಟ್ಟೆಯ ಗೋಡೆ ಚುಚ್ಚಿ ಎದೆಯ ಕಡೆಗೆ ಸರಿಯುತ್ತಿರುತ್ತದೆ. ನಮ್ಮ ಹಳೇ ಡಾಕ್ಟರು ಹಸು ತಂದವನನ್ನು ಕೇಳುತ್ತಿದ್ದದ್ದು, "ಇಳಿಜಾರು ಇಳಿಯುತ್ತದಾ?" ಅಂತ. ಅಂಥ ಹಸು ದಿಬ್ಬ ಹತ್ತುತ್ತದೆ, ಇಳಿಯಲು ಒಪ್ಪುವುದಿಲ್ಲ. ಇಳಿಯುವಾಗ ಹೊಟ್ಟೆಯ ಭಾರ ಮುಂದಕ್ಕೆ ಬಂದು ತಂತಿ ಇನ್ನೂ ಒತ್ತುತ್ತದೆ. ಬೆನ್ನು ಗೂನು ಮಾಡಿಕೊಂಡು, ಮುಂಗಾಲು ಅಗಲಿಸಿ ನಿಲ್ಲುತ್ತದೆ. ಡಾಕ್ಟರಿಗೆ ಉತ್ತರ ಹೇಳುತ್ತಿದ್ದವನು ಹೆಚ್ಚಾಗಿ ಯಜಮಾನನಲ್ಲ, ದಿನಾ ಮೇಯಲು ಹೊಡೆದುಕೊಂಡು ಹೋಗುವ ಹುಡುಗ. "ಮೊನ್ನೆಯಿಂದ ಸುತ್ತು ಹಾಕಿ ಬರ್ತದೆ ಸಾರ್" ಅನ್ನುತ್ತಿದ್ದ. ಅವನಿಗೆ ತಂತಿಯ ವಿಷಯ ಏನೂ ಗೊತ್ತಿರಲಿಲ್ಲ.

ಈಗ ನಿನ್ನ ಕಾಗದವನ್ನೇ ಇನ್ನೊಮ್ಮೆ ಓದಿಕೋ ಕೂಸೇ. ಗುಂಡ ಒಂದು ಪಕ್ಕಕ್ಕೆ ವಾಲಿ ತೇಲುತ್ತಾನೆ ಎಂದು ಬರೆದಿದ್ದೀಯ. ಮೂಗಿನಲ್ಲಿ ಗುಳ್ಳೆ ಬರುತ್ತದೆ, ಕುತ್ತಿಗೆ ಚಾಚಿ ಬಾಯಿ ತೆರೆಯುತ್ತಾನೆ, ಕಣ್ಣು ಊದಿಕೊಂಡು ಮುಚ್ಚಿದೆ, ಕಲ್ಲಿನ ಮೇಲೆ ಹತ್ತಿದರೆ ನೀರಿಗೆ ಇಳಿಯುವುದಿಲ್ಲ ಎಂದೂ ಬರೆದಿದ್ದೀಯ. ಇಷ್ಟನ್ನು ಕಂಡವಳು ನನಗೆ ಏನೂ ಗೊತ್ತಾಗುವುದಿಲ್ಲ ಅಂದರೆ ಹೇಗೆ? ನಮ್ಮ ಹಳೇ ಡಾಕ್ಟರಿಗೆ ಫೋನ್ ಮಾಡಿ ಇದನ್ನೆಲ್ಲ ಓದಿದೆ. ಅವರಿಗೆ ಈಗ ಕಿವಿ ಮಂದ, ಎರಡೆರಡು ಸಲ ಓದಿಸಿದರು. ಆಮೆಯ ಶ್ವಾಸಕೋಶ ಬೆನ್ನ ಚಿಪ್ಪಿನ ಅಡಿಯಲ್ಲೇ ಇರುತ್ತದಂತೆ. ಒಂದು ಕಡೆ ಕಫ ಕಟ್ಟಿದರೆ ಆ ಪಕ್ಕ ಭಾರವಾಗಿ ವಾಲುತ್ತದೆ. ಎದೆಗೂ ಹೊಟ್ಟೆಗೂ ನಡುವೆ ನಮಗಿರುವ ಸ್ನಾಯುವಿನ ಪರದೆ, ಅಂದರೆ ವಪೆ, ಅದಕ್ಕಿಲ್ಲ, ಹಾಗಾಗಿ ಕೆಮ್ಮಿ ಹೊರಗೆ ಹಾಕಲೂ ಆಗುವುದಿಲ್ಲ. ಹೊಟ್ಟೆಯಲ್ಲಿ ವಾಯು ತುಂಬಿದರೂ ಹೀಗೆ ವಾಲುವುದುಂಟು. ಯಾವುದು ಎಂದು ಎಕ್ಸ್‌ರೇ ತೆಗೆದರೇ ತಿಳಿಯುವುದು. ಕಣ್ಣು ಊದುವುದು ಮಾತ್ರ ಬಹಳ ಸಲ ಎ ವಿಟಮಿನ್ ಕೊರತೆಯಿಂದ. ಅಂಗಡಿಯವರು ಕೊಡುವ ಒಣ ಸೀಗಡಿ ಒಂದನ್ನೇ ತಿನ್ನಿಸಿದರೆ ಹಾಗಾಗುತ್ತದಂತೆ. (ಸೀಗಡಿ ಡಬ್ಬಿಯ ವಿಷಯ ನಿನ್ನಮ್ಮನಿಗೆ ನಾನು ಹೇಳಿಲ್ಲ. ಅಡುಗೆಮನೆಯಲ್ಲಿ ಇಟ್ಟಿಲ್ಲ ತಾನೇ?) ಆಮೆ ಊಟ ಹುಡುಕುವುದರಲ್ಲಿ ಕಣ್ಣಿನದೇ ಹೆಚ್ಚಿನ ಪಾಲು. ಕಣ್ಣು ಕಾಣದಿದ್ದರೆ ತಿನ್ನುವುದೂ ನಿಲ್ಲುತ್ತದೆ. ಅವನು ತಿನ್ನದೆ ಇರುವುದನ್ನು ನೀನು ಮುನಿಸು ಎಂದು ತಿಳಿದಿದ್ದೀಯ, ಅಲ್ವಾ? ಮುನಿಸಲ್ಲ ಅದು.

ನೋವಿನ ಮಾತಿಗೇ ಮತ್ತೆ ಬರುತ್ತೇನೆ. ಚಿಪ್ಪು ಅಂದರೆ ಡಬ್ಬಿ, ಒಳಗೆ ಪ್ರಾಣಿ, ಅಂತ ನಾನೂ ಬಹಳ ಕಾಲ ತಿಳಿದಿದ್ದೆ. ಹಾಗಲ್ಲ. ಬೆನ್ನೆಲುಬು, ಪಕ್ಕೆಲುಬುಗಳೇ ಬೆಳೆದು ಚಿಪ್ಪಿನಲ್ಲಿ ಕೂಡಿಕೊಂಡಿರುತ್ತವೆ. ಅಲ್ಲಿ ಮುಟ್ಟಿದರೂ ಅದಕ್ಕೆ ತಿಳಿಯುತ್ತದೆ, ಪೆಟ್ಟಾದರೆ ನೋಯುತ್ತದೆ. ಇದನ್ನು ಬರೆದರೆ ನಿನ್ನ ಹೆದರಿಕೆ ಜಾಸ್ತಿಯಾದೀತು ಎಂದು ಯೋಚಿಸಿದೆ. ಆದರೂ ಬರೆದೆ. ನೋವೇ ಇಲ್ಲ ಎಂದು ಸುಳ್ಳು ಹೇಳಿ ನಿನಗೆ ಸಮಾಧಾನ ಮಾಡಿ ಏನು ಪ್ರಯೋಜನ?

ಇಷ್ಟು ಬರೆಯುವಾಗ ನನಗೆ ನಮ್ಮ ಹಳೇ ಮನೆಯ ಬಾವಿಯ ಆಮೆ ನೆನಪಾಯಿತು. ನೀನು ನೋಡಿಲ್ಲ, ನೀನು ಹುಟ್ಟುವ ಹೊತ್ತಿಗೆ ಆ ಬಾವಿಯೇ ಮುಚ್ಚಿತ್ತು. ಆಗ ನಮ್ಮ ಕಡೆ ಬಾವಿಗೆ ಆಮೆ ಬಿಡುವುದಿತ್ತು. ಹುಳ ಹುಪ್ಪಟೆ ತಿಂದು ನೀರು ಶುದ್ಧ ಇಡುತ್ತದೆ ಎಂದು. ಈಗ ನಮ್ಮ ನಾಡಿನ ಆಮೆಗಳನ್ನು ಹಾಗೆ ಇಟ್ಟುಕೊಳ್ಳುವಂತಿಲ್ಲ, ಕಾನೂನಿದೆ. ಅಜ್ಜಿ ಬೆಳಿಗ್ಗೆ ನೀರು ಸೇದುವ ಮೊದಲು ಒಂದು ಹಿಡಿ ಅನ್ನ ಹಾಕುತ್ತಿದ್ದಳು. ಬೇಸಿಗೆಯಲ್ಲಿ ಹೂಳು ತೆಗೆಯುವಾಗ ಅದನ್ನು ಬುಟ್ಟಿಯಲ್ಲಿ ಮೇಲಕ್ಕೆ ತರುತ್ತಿದ್ದರು. ನಮಗೆ ಹುಡುಗರಿಗೆ ಹಬ್ಬ. ಒಂದು ವರ್ಷ ಅದರ ಚಿಪ್ಪಿನ ಅಂಚು ಒತ್ತಿದರೆ ಬಗ್ಗುತ್ತಿತ್ತು. ಕಣ್ಣು ತೆರೆಯಲಿಲ್ಲ. "ವಯಸ್ಸಾಯಿತು" ಎಂದರು ಯಾರೋ. ಹೂಳು ತೆಗೆದ ಮೇಲೆ ಮತ್ತೆ ಬಾವಿಗೇ ಇಳಿಸಿದರು. ಆ ಬಾವಿಯಲ್ಲಿ ಹತ್ತಿ ಕೂರಲು ಒಂದು ಕಲ್ಲಿರಲಿಲ್ಲ, ಬಿಸಿಲು ತಳಕ್ಕೆ ಬೀಳುತ್ತಿರಲಿಲ್ಲ. ಬಿಸಿಲಿಲ್ಲದಿದ್ದರೆ ಆಮೆಗೆ ಡಿ ವಿಟಮಿನ್ ಇಲ್ಲ, ಅದಿಲ್ಲದಿದ್ದರೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಅನ್ನ ಹಾಕುತ್ತಿದ್ದ ಅಜ್ಜಿಗೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಕೇಳುವವರು, ಹೇಳುವವರು ಇರಲಿಲ್ಲ. ನನಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಸೇರಬೇಕೆಂಬ ಆಸೆ ಹುಟ್ಟಿದ್ದು ಅದೇ ಬೇಸಿಗೆ. 1958ರಲ್ಲಿ ಶುರುವಾದ ಕಾಲೇಜು ಅದು, ನಮ್ಮ ಕಾಲದಲ್ಲಿ ದೊಡ್ಡ ಹೆಸರು. ಯಾಕೆ ಸೇರಲಿಲ್ಲ ಎನ್ನುವುದು ನಿನಗೆ ಗೊತ್ತಿರುವ ಕಥೆಯೇ, ಬಿಡು. ಸಿರಿಂಜು ಕುದಿಸುತ್ತ ಬಾಗಿಲಲ್ಲಿ ನಿಂತು ಕೇಳಿಸಿಕೊಂಡದ್ದಷ್ಟೇ ನನ್ನ ಓದು.

ಅದಕ್ಕೇ ಹೇಳುವುದು, ಕಿಟಕಿಯ ಗಾಜಿನ ಹಿಂದೆ ತೊಟ್ಟಿ ಇಟ್ಟರೆ ಬಿಸಿಲು ಸಿಕ್ಕಿತು ಎಂದು ತಿಳಿಯಬೇಡ. ಮೈಗೆ ಬೇಕಾದ ಆ ಕಿರಣ ಗಾಜಿನಲ್ಲಿ ದಾಟುವುದಿಲ್ಲ. ಅದಕ್ಕೆಂದೇ ಯುವಿಬಿ ದೀಪ ಬರುತ್ತದೆ. ಆದರೆ ಈಗ ಖಾಯಿಲೆಯಲ್ಲಿ ಮೊದಲು ಬೇಕಾದದ್ದು ಬೆಚ್ಚಗಿನ ನೀರು. ಡಿಸೆಂಬರಿನ ಬೆಂಗಳೂರು ಅವನಿಗೆ ಚಳಿ. ಅವನ ಮೈ ತಾನಾಗಿ ಬಿಸಿಯಾಗುವುದಿಲ್ಲ. ನೀರು ತಣ್ಣಗಿದ್ದರೆ ಔಷಧಿಯೂ ನಿಧಾನ, ರೋಗದ ಜೊತೆ ಹೋರಾಡುವ ಶಕ್ತಿಯೂ ನಿಧಾನ. 27-28 ಡಿಗ್ರಿ ಇರಲಿ, ಕೂರುವ ಕಲ್ಲಿನ ಮೇಲೆ 30 ದಾಟಲಿ. ವಾಲುತ್ತಿರುವವನಿಗೆ ಆಳದ ನೀರು ಬೇಡ, ಕೂತಲ್ಲೇ ಮೂಗು ಮೇಲೆತ್ತಲು ಆಗುವಷ್ಟು ಸಾಕು. ನಿನಗೆ ಇದೆಲ್ಲ ಗೊತ್ತಿರಬಹುದು. ಗೊತ್ತಿದ್ದರೆ ಮುದುಕನ ಹರಟೆ ಎಂದುಕೋ.

ಎರಡು ವಿಷಯಕ್ಕೆ ಮಾತ್ರ ನಾನು ಸಂಕೋಚ ಪಡುವುದಿಲ್ಲ. ನಾಯಿ, ದನಕ್ಕೆ ಹುಳದ ಔಷಧಿ ಎಂದು ಐವರ್‌ಮೆಕ್ಟಿನ್ ಕೊಡುತ್ತಾರೆ, ಆಮೆಗೆ ಅದು ವಿಷ. ಯಾರು ಹೇಳಿದರೂ ಹಾಕಿಸಬೇಡ. ಕಣ್ಣಿಗೆಂದು ವಿಟಮಿನ್ ಎ ಹನಿಯನ್ನೋ ಇಂಜೆಕ್ಷನನ್ನೋ ನೀನೇ ತಂದು ಕೊಡಲೂ ಬೇಡ. ಜಾಸ್ತಿಯಾದರೆ ಚರ್ಮವೇ ಸುಲಿದು ಹೋಗುತ್ತದೆ. ಹಾವು, ಆಮೆ ನೋಡಿ ಅಭ್ಯಾಸವಿರುವ ಡಾಕ್ಟರನ್ನೇ ಹುಡುಕು. ಹೆಬ್ಬಾಳದ ಆಸ್ಪತ್ರೆಯಲ್ಲೂ ವಿಚಾರಿಸು. ನಾಯಿ ನೋಡುವವರು "ಆಮೆ ತಾನೇ, ಬಿಡಿ" ಅಂದರೆ ಬೇಜಾರು ಮಾಡಿಕೊಳ್ಳದೆ ಎದ್ದು ಬಾ.

ಕೆರೆಗೆ ಬಿಟ್ಟುಬಿಡಲಾ, ಕೊನೇ ಪಕ್ಷ ಸ್ವತಂತ್ರವಾಗಿ ಇರಲಿ ಎಂದು ಕೇಳಿದ್ದೀಯ. ಬೇಡ. ಗುಂಡನಂತೆ ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಆಮೆ ಅಮೆರಿಕದ್ದು, ಮಿಸಿಸಿಪ್ಪಿ ಕಣಿವೆಯದ್ದು. ಬದುಕಿದರೆ ನಮ್ಮ ಕೆರೆಯ ಆಮೆಗಳ ಜಾಗ, ಊಟ ಎರಡನ್ನೂ ಕಿತ್ತುಕೊಳ್ಳುತ್ತದೆ. ಬದುಕದಿದ್ದರೆ ನೀನು ಹೆದರಿದ್ದೇ ಆಗುತ್ತದೆ, ನೋಡಲು ಯಾರೂ ಇಲ್ಲದ ಕಡೆ. ನಿನಗೆ ಕಾಣದಂತೆ ಆದರೆ ಅವನಿಗೆ ನೋವು ಕಡಿಮೆ ಎಂದೇನಿಲ್ಲವಲ್ಲ. ಇದನ್ನು ಒರಟಾಗಿ ಬರೆದೆನೋ ಏನೋ.

ಅವನನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆ. ಆಮೆಯಿಂದ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ರೋಗಾಣು ಬರುತ್ತದೆ. ಮಕ್ಕಳು ಬಾಯಿಗಿಡುತ್ತಾರೆಂದೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ನಿಲ್ಲಿಸಿದರು. ಪಾತ್ರೆ ತೊಳೆಯುವ ಸಿಂಕಿನಲ್ಲಿ ಅವನ ನೀರು ಚೆಲ್ಲಬೇಡ.

ಇನ್ನು ರಾತ್ರಿ ಎದ್ದೆದ್ದು ಟಾರ್ಚು ಬಿಟ್ಟು ನೋಡುತ್ತೇನೆ ಎಂದಿದ್ದೀಯಲ್ಲ, ಅದು ಬೇಡ. ನಿನಗೂ ನಿದ್ದೆಯಿಲ್ಲ, ಅವನಿಗೂ ಇಲ್ಲ. ಬದಲಿಗೆ ಅವನಿಗೆಂದೇ ಇಟ್ಟ ಸಣ್ಣ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡು. ಯಾವ ಪಕ್ಕಕ್ಕೆ ವಾಲುತ್ತಾನೆ, ಮುಟ್ಟಿದರೆ ತಲೆ ಒಳಗೆ ಎಳೆದುಕೊಳ್ಳುತ್ತಾನಾ, ಕಾಲಿನಲ್ಲಿ ಬಲ ಇದೆಯಾ, ಇಷ್ಟು ಸಾಕು. ಡಾಕ್ಟರಿಗೆ ಆ ಪುಸ್ತಕ ತೋರಿಸು. ದನ ಕಾಯುವ ಹುಡುಗನ ಕೈಯಲ್ಲಿ ಪುಸ್ತಕವೂ ಇರಲಿಲ್ಲ. ಗುಣವಾಗುವುದು ನಿಧಾನ, ವಾರಗಟ್ಟಲೆ ಹಿಡಿಯುತ್ತದೆ. ನಾಲ್ಕು ದಿನ ತಿನ್ನಲಿಲ್ಲ ಎಂದು ಬಾಯಿ ಬಿಡಿಸಿ ತುರುಕಬೇಡ. ಕಣ್ಣು ಬಿಟ್ಟ ಮೇಲೆ ಡಾಕ್ಟರು ಹೇಳಿದ ಊಟದ ಜೊತೆ ಸಿಹಿಗುಂಬಳದ ತುರಿ, ಕ್ಯಾರೆಟ್ ಹಾಕಿ ನೋಡು.

ಇಷ್ಟೆಲ್ಲ ಮಾಡಿಯೂ ಅವನು ಉಳಿಯದೆ ಹೋಗಬಹುದು. ಆಗಲೂ "ನನಗೆ ಗೊತ್ತಾಗಲಿಲ್ಲ" ಎಂದು ನೀನು ಬರೆದರೆ ನಾನು ಒಪ್ಪುವುದಿಲ್ಲ, ಈ ಕಾಗದವನ್ನೇ ತೋರಿಸುತ್ತೇನೆ.

ತೂಕ ಎಷ್ಟು ಬಂತು ತಿಳಿಸು. ಎಕ್ಸ್‌ರೇ ತೆಗೆದರೆ ಫೋಟೋ ಕಳಿಸು, ಆಮೆಯ ಎಕ್ಸ್‌ರೇ ನಾನು ನೋಡಿಯೇ ಇಲ್ಲ. ಖರ್ಚಿಗೆ ಕಷ್ಟವಾದರೆ ಅಪ್ಪನಿಗೆ ಹೇಳಬೇಡ, ನನಗೆ ಹೇಳು.

ಇಂತಿ,
ನಿನ್ನ ದೊಡ್ಡಪ್ಪ