ಗೇರ್ ಮುಂದಕ್ಕೆ ತರುವಾಗ ಆಯಿಲ್ ಸೀಲ್ ಮರೆಯಬೇಡಿ

ಮಾನ್ಯ ಸಂಪಾದಕರೇ,

ಬೈಕಿನ ಫುಟ್‌ರೆಸ್ಟ್, ಗೇರ್ ಲಿವರ್, ಬ್ರೇಕ್ ಪೆಡಲ್ ಮೂರನ್ನೂ ಮುಂದಕ್ಕೆ ತಂದು ಕಾಲು ಚಾಚಿ ಕೂರುವಂತೆ ಮಾಡಿಸಿಕೊಳ್ಳುವವರು ನಮ್ಮ ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಫಾರ್ವರ್ಡ್ ಕಂಟ್ರೋಲ್ ಕಿಟ್ ಹಾಕಿಸಿ ಸ್ವಲ್ಪ ದಿನಕ್ಕೆ ಎಡಗಡೆ ಇಂಜಿನ್ ಕೆಳಗೆ ಆಯಿಲ್ ಜಿನುಗತೊಡಗಿದರೆ, ‘ಹಳೇ ಗಾಡಿ, ಸೋರುತ್ತೆ ಬಿಡಿ’ ಎಂದು ಸಿಲಿಕೋನ್ ಪೇಸ್ಟ್ ಮೆತ್ತಿ ಕಳಿಸುವುದು ಸರಿಯಲ್ಲ. ಸಾಮಾನ್ಯವಾಗಿ ಸೋರುವುದು, ಗೇರ್ ಲಿವರ್ ತಿರುಗಿಸುವ ಶಾಫ್ಟ್ ಇಂಜಿನ್ನಿನಿಂದ ಹೊರಬರುವ ಜಾಗದ ಸೀಲ್. ಅದು ಕೆಡುವುದು ಕಿಟ್ ಕೂರಿಸಿದ ರೀತಿಯಿಂದ.

ಮುಂದೆ ಹೋದ ಲಿವರನ್ನು ಈ ಶಾಫ್ಟಿಗೆ ಜೋಡಿಸುವ ಕಿಟ್‌ನ ಲಿಂಕ್ ರಾಡ್ ಇಂಜಿನ್ ಪಕ್ಕಕ್ಕೆ ಸಮಾನಾಂತರವಾಗಿ ಓಡಬೇಕು. ಓರೆಯಾದರೆ ಪ್ರತಿ ಗೇರಿಗೂ ಶಾಫ್ಟನ್ನು ಪಕ್ಕಕ್ಕೆ ಜಗ್ಗುತ್ತದೆ; ಸೀಲಿನ ತುಟಿ, ಅಂದರೆ ಶಾಫ್ಟನ್ನು ಹಿಡಿಯುವ ರಬ್ಬರ್ ಅಂಚು, ಒಂದೇ ಕಡೆ ಸವೆಯುತ್ತದೆ. ಶಾಫ್ಟ್ ಮೇಲಿನ ಗಿಡ್ಡ ತೋಳಿಗೂ ರಾಡಿಗೂ ನಡುವೆ ಸುಮಾರು 90 ಡಿಗ್ರಿ ಇರಲಿ, ಎರಡೂ ತುದಿಯ ಬಾಲ್ ಜಾಯಿಂಟ್ ಬಿಗಿಯದೆ ಸಲೀಸಾಗಿ ತಿರುಗಲಿ. ಹಳೆಯ ಲಿವರ್ ಬಿಚ್ಚುವಾಗ ಅದರ ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯಬೇಕು. ಎಷ್ಟೋ ಗಾಡಿಗಳಲ್ಲಿ ಆ ಬೋಲ್ಟ್ ಶಾಫ್ಟಿನ ಕಚ್ಚಿನಲ್ಲೇ ಹಾಯುತ್ತದೆ. ಬರೀ ಸಡಿಲಿಸಿ ಸುತ್ತಿಗೆಯಲ್ಲಿ ಹೊಡೆದರೆ ಶಾಫ್ಟಿಗೇ ಏಟು.

ಕಿಟ್ ಹಾಕುವ ದಿನವೇ ಸೀಲ್ ಬದಲಿಸುವುದು ಒಳ್ಳೆಯದು. ಸೀಲಿನ ಮುಖದ ಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಹೀಗೆ ಮೂರು ಅಂಕಿ ಮಿಲಿಮೀಟರಿನಲ್ಲಿರುತ್ತವೆ, ಅದನ್ನೇ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹೇಳಿ. ಆಯಿಲ್ ಇಳಿಸಿಕೊಂಡು, ಹಳೆಯ ಸೀಲ್ ಎಬ್ಬುವಾಗ ಅದು ಕೂರುವ ಗೂಡಿನ ಗೋಡೆ ಗೀಚದಂತೆ ನೋಡಿಕೊಳ್ಳಿ. ಶಾಫ್ಟ್ ಮೇಲೆ ಉಗುರು ಎಳೆಯಿರಿ. ಗೆರೆಗೆ ಸಿಕ್ಕಿಕೊಂಡರೆ, ಗೂಡಿನಲ್ಲಿ ಜಾಗವಿದ್ದಲ್ಲಿ ಹೊಸ ಸೀಲನ್ನು ಒಂದು ಮಿಲಿಮೀಟರ್ ಒಳಕ್ಕೋ ಹೊರಕ್ಕೋ ಕೂರಿಸಿ, ತುಟಿ ಸವೆಯದ ಜಾಗಕ್ಕೆ ಬೀಳುತ್ತದೆ. ಶಾಫ್ಟಿನ ಹಲ್ಲುಗಳಿಗೆ ತೆಳು ಟೇಪ್ ಸುತ್ತದೆ ಸೀಲ್ ತೂರಿಸಿದರೆ ತುಟಿ ಅಲ್ಲೇ ಕೊಯ್ದುಹೋಗುತ್ತದೆ. ತುಟಿಗೆ ಆಯಿಲ್ ಸವರಿ, ಸ್ಪ್ರಿಂಗ್ ಇರುವ ಮುಖ ಒಳಗೆ ಮಾಡಿ, ಸೀಲಿನ ಹೊರ ಅಂಚಿಗೆ ಹೊಂದುವ ಸಾಕೆಟ್ ಇಟ್ಟು ಸಮನಾಗಿ ಒತ್ತಿ.

ಇನ್ನು ಬ್ರ್ಯಾಕೆಟ್. ಅದನ್ನು ಚಾಸಿಗೇ ಕಟ್ಟಬೇಕು, ಇಂಜಿನ್ ಕವರಿನ ಬೋಲ್ಟುಗಳಿಗಲ್ಲ. ಕಾಲಿನ ಭಾರಕ್ಕೆ ಕವರ್ ಅಲುಗಿ ಪ್ಯಾಕಿಂಗ್ ಸೋರುತ್ತದೆ. ಆ ಬೋಲ್ಟ್ ಬಳಸಲೇಬೇಕಾದ ಕಿಟ್ ಆದರೆ ಮೂಲ ಬೋಲ್ಟಿಗಿಂತ ಕಿಟ್ ಪ್ಲೇಟಿನ ದಪ್ಪದಷ್ಟೇ ಹೆಚ್ಚು ಉದ್ದದ ಬೋಲ್ಟ್ ಹಾಕಿ. ಅಲ್ಯೂಮಿನಿಯಮ್ಮಿನಲ್ಲಿ 6 ಮಿ.ಮೀ. ಬೋಲ್ಟಿಗೆ ಕನಿಷ್ಠ 9 ಮಿ.ಮೀ. ಮರೆ (ಥ್ರೆಡ್) ಹಿಡಿತ ಬೇಕು. ಕಡಿಮೆಯಾದರೆ ಮರೆ ಕಿತ್ತುಬರುತ್ತದೆ; ಹೆಚ್ಚಾದರೆ ಬೋಲ್ಟ್ ತಳ ಮುಟ್ಟಿ ಬಿಗಿಯಾದಂತೆ ಕಂಡರೂ ಕವರ್ ಸಡಿಲವೇ. ಬಿಗಿತ 10 ನ್ಯೂಟನ್ ಮೀಟರ್ ಆಸುಪಾಸು, ಕಂಪನಿ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದು, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಜಾಗ ಬದಲಿಸಿದರೆ, ಬ್ರೇಕ್ ಪೈಪ್ ಜೋಡಿಸುವ ಬ್ಯಾಂಜೊ ಬೋಲ್ಟಿನ ಎರಡೂ ವಾಷರ್ ಹೊಸದಾಗಿರಲೇಬೇಕು. ಬ್ರೇಕ್ ಆಯಿಲ್ ಹನಿ ಕಂಡರೆ ಗಾಡಿ ರಸ್ತೆಗೆ ಇಳಿಸಬಾರದು.

ಸೋರಿಕೆ ಹುಡುಕಲು ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ಹತ್ತು ನಿಮಿಷ ಇಂಜಿನ್ ಓಡಿಸಿ. ಮೊದಲು ಕಪ್ಪಾದ ಜಾಗವೇ ಮೂಲ. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಎಡಕ್ಕೆ ವಾಲಿ ಆಯಿಲ್ ಸೀಲಿನ ಕಡೆ ಬರುವುದರಿಂದ ರಾತ್ರಿಯಿಡೀ ಹಾಗೇ ನಿಲ್ಲಿಸಿಯೂ ನೋಡಿ. ಸ್ಪ್ರಾಕೆಟ್ಟಿನಿಂದ ಸಿಡಿದ ಚೈನ್ ಗ್ರೀಸನ್ನು ಆಯಿಲ್ ಎಂದುಕೊಳ್ಳಬೇಡಿ, ಅದು ಅಂಟಂಟು.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಕ್ಕೆ ಹೊರತಾದ ಮಾರ್ಪಾಟಿಗೆ ಮಿತಿ ಹಾಕಿದೆ. ಕಿಟ್ ಕೊಳ್ಳುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಸೋರಿದ ಆಯಿಲ್ ಬೀಳುವುದು ನಮ್ಮದೇ ಹಿಂದಿನ ಟೈರಿನ ಮುಂದೆ, ಮಳೆ ಬಂದಾಗ ಹಿಂದೆ ಬರುವವರ ಟೈರಿನ ಕೆಳಗೆ. ಆದ್ದರಿಂದ ಗ್ಯಾರೇಜಿನವರು ಕಿಟ್ ಬಿಲ್ಲಿನಲ್ಲೇ ಹೊಸ ಸೀಲ್, ಹೊಸ ವಾಷರ್ ಸೇರಿಸಿ ಬರೆಯಲಿ. ಗಾಡಿಯವರು 500 ಕಿ.ಮೀ. ಓಡಿಸಿದ ಮೇಲೆ ಮತ್ತೆ ತಂದು ತೋರಿಸಲಿ.

– ದ್ವಿಚಕ್ರ ವಾಹನ ಮೆಕ್ಯಾನಿಕ್, ಬೆಂಗಳೂರು