ನೀರಿನ ಗೋಪುರದ ಕೆಳಗಿನ ಆಫೀಸು

ಕಾರ್ಡಿಫ್
ಭಾನುವಾರ ಸಂಜೆ

ಪ್ರೀತಿಯ ಅಕ್ಕ,

ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿ ನೋವು ಈಗ ಹೇಗಿದೆ? ಭಾವ ಆರಾಮ ತಾನೆ?

ಎಕ್ಸ್-ಫೈಲ್ಸ್ ಸೀರಿಯಲ್ ಮುಗೀತು, ಮುಂದೆ ಏನು ನೋಡಲಿ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಂತುಹೋಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ವೇರ್‌ಹೌಸ್ 13 ನೋಡಬಹುದು. ವಿಚಿತ್ರ ಶಕ್ತಿಯ ಸಾಮಾನುಗಳನ್ನೆಲ್ಲ ಸೌತ್ ಡಕೋಟಾದ ಒಂದು ಗೋದಾಮಿನಲ್ಲಿ ಬಚ್ಚಿಡುವ ಕಥೆ, ಹಗುರವಾಗಿದೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟಾರ್ಚ್‌ವುಡ್ ಅನ್ನುವ ಸೀರಿಯಲ್.

ಅದು ನಾನಿರುವ ಈ ಊರಿನದೇ ಕಥೆ, ಅಕ್ಕ. 2006ರಲ್ಲಿ ಬಿಬಿಸಿಯಲ್ಲಿ ಶುರುವಾಯಿತು. ಕಾರ್ಡಿಫ್‌ನಲ್ಲಿ ಕಾಲಕ್ಕೇ ಒಂದು ಬಿರುಕು ಬಿಟ್ಟಿದೆ. ಅದರೊಳಗಿಂದ ಬೇರೆ ಲೋಕದ ಜೀವಿಗಳು, ವಸ್ತುಗಳು ಬಂದು ಬೀಳುತ್ತವೆ. ಅವನ್ನು ಹಿಡಿದು ಕೂಡಿಹಾಕುವುದು ಕ್ಯಾಪ್ಟನ್ ಜ್ಯಾಕ್ ಮತ್ತು ಅವನ ನಾಲ್ಕಾರು ಜನ. ಅವರ ಆಫೀಸು ಇರುವುದು ಕೊಲ್ಲಿಯ ಪಕ್ಕದ ಚೌಕದ ಅಡಿಯಲ್ಲಿ. ಮೇಲೆ ಉಕ್ಕಿನ ಎತ್ತರದ ಗೋಪುರ, ಅದರ ಮೈಮೇಲೆ ಸದಾ ನೀರು ಇಳಿಯುತ್ತಿರುತ್ತದೆ. ಅದರ ಬುಡದ ಒಂದು ಕಲ್ಲುಚಪ್ಪಡಿಯೇ ಅವರ ಲಿಫ್ಟ್. ಅದರ ಮೇಲೆ ನಿಂತವರು ಮಾಯವಾಗುವುದಿಲ್ಲ, ಜನ ಗಮನಿಸುವುದಿಲ್ಲ ಅಷ್ಟೆ. ಇದು ನನಗೆ ಬಹಳ ಹಿಡಿಸಿತು. ಗೋಪುರ ನಿಜವಾಗಿಯೂ ಇದೆ. ಕೆಲಸ ಮುಗಿಸಿ ಬರುವಾಗ ನಾನೂ ಆ ಚಪ್ಪಡಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮೊದಲ ಕಂತಿನಲ್ಲೇ ಒಂದು ಲೋಹದ ಕೈಗವಸು ಬರುತ್ತದೆ. ಅದನ್ನು ಹಾಕಿಕೊಂಡು ಮುಟ್ಟಿದರೆ ಸತ್ತವರು ಎರಡು ನಿಮಿಷ ಎದ್ದು ಮಾತಾಡುತ್ತಾರೆ. ಕೊಲೆಯಾದವನನ್ನು ಎಬ್ಬಿಸಿ ಯಾರು ಕೊಂದರು ಅಂತ ಕೇಳುತ್ತಾರೆ. ಪಾಪ, ಅವನಿಗೆ ತಾನು ಸತ್ತಿದ್ದೇ ಗೊತ್ತಿಲ್ಲ. ಗ್ವೆನ್ ಅನ್ನುವ ಪೊಲೀಸ್ ಹುಡುಗಿ ಮೇಲಿನಿಂದ, ಮಳೆಯಲ್ಲಿ, ಇದನ್ನೆಲ್ಲ ಕದ್ದು ನೋಡುತ್ತಾಳೆ. ನಾನು ಆವತ್ತು ರಾತ್ರಿ ಅಪ್ಪನನ್ನೇ ನೆನೆಯುತ್ತಾ ಮಲಗಿದೆ. ಎರಡು ನಿಮಿಷ ಸಿಕ್ಕರೆ ನಾವು ಏನು ಕೇಳುತ್ತಿದ್ದೆವು, ಅಲ್ವಾ?

ನಮ್ಮ ಕಡೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವವನ್ನು ಹೊರಗೇ ನಿಲ್ಲಿಸುತ್ತಿದ್ದರು. ಟಾರ್ಚ್‌ವುಡ್‌ನವರು ಅಂಥವನ್ನು ಒಳಗೆ ಕರೆದುಕೊಂಡು ಬಂದು ನೋಡಿಕೊಳ್ಳುತ್ತಾರೆ. ಭಯದ ಜೊತೆ ಕನಿಕರವೂ ಇರುವುದರಿಂದಲೇ ನನಗೆ ಇದು ಜಾಸ್ತಿ ಇಷ್ಟ.

ಆ ತಂಡದಲ್ಲಿ ಎಲ್ಲರಿಗೂ ಕಾಫಿ ಮಾಡಿಕೊಡುವವನು ಯಾಂಟೋ. 2009ರ ಐದು ಕಂತುಗಳ ಕಥೆಯಲ್ಲಿ ಅವನು ಸಾಯುತ್ತಾನೆ. ಮೊದಲೇ ಹೇಳಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ, ಗೊತ್ತಿದ್ದರೂ ಅಳು ಬಂದೇ ಬರುತ್ತದೆ. ಅವನು ಸತ್ತ ಮೇಲೆ ಅಭಿಮಾನಿಗಳು ಇಲ್ಲಿ ಕೊಲ್ಲಿಯ ದಂಡೆಯ ಮರ್ಮೇಯ್ಡ್ ಕೀ ಅನ್ನುವ ಜಾಗದ ಹತ್ತಿರದ ಗೋಡೆಯೊಂದಕ್ಕೆ ಚೀಟಿ, ಫೋಟೋ, ಹೂವು ಕಟ್ಟತೊಡಗಿದರು. ಈಗಲೂ ಕಟ್ಟುತ್ತಾರೆ. ಬದುಕಿಯೇ ಇರದ ಒಬ್ಬ ಹುಡುಗನಿಗೆ! ಇವತ್ತು ನಾನೂ ಹೋಗಿದ್ದೆ. ಒಂದು ಚೀಟಿಯಲ್ಲಿ ಕನ್ನಡದಲ್ಲೇ 'ಕಾಫಿ ಚೆನ್ನಾಗಿತ್ತು' ಅಂತ ಬರೆದು ಸಿಕ್ಕಿಸಿ ಬಂದೆ. ಫೋಟೋ ಇದರ ಜೊತೆ ಇಟ್ಟಿದ್ದೇನೆ.

ಪುಟ್ಟಿಗೆ ಈಗಲೇ ತೋರಿಸಬೇಡ, ಇದು ದೊಡ್ಡವರ ಸೀರಿಯಲ್. ಮೊದಲ ಕಂತು ನೋಡಿದ ರಾತ್ರಿಯೇ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ